ಮೊಬೈಲ್ ಆ್ಯಪ್‌ಗಳ ಮುಖ್ಯ ಥ್ರೆಡ್‌ನಲ್ಲಿ ಕಾರ್ಯ ನಿಯೋಜನೆ

ಮುಖ್ಯ ಥ್ರೆಡ್‌ನಲ್ಲಿ ಕಾರ್ಯ ನಿಯೋಜನೆ ಎಂದರೆ ಮೊಬೈಲ್ ಆ್ಯಪ್‌ನ ಪರದೆಯನ್ನು ನಿರ್ವಹಿಸುವ ಮತ್ತು ಬಳಕೆದಾರರ ಸ್ಪರ್ಶಕ್ಕೆ ಸ್ಪಂದಿಸುವ ಏಕೈಕ ಥ್ರೆಡ್‌ನಲ್ಲಿ ಯಾವ ಕೆಲಸಗಳು ನಡೆಯಬೇಕು, ಯಾವ ಕ್ರಮದಲ್ಲಿ ಮತ್ತು ಯಾವಾಗ ನಡೆಯಬೇಕು ಎಂಬುದನ್ನು ನಿರ್ಧರಿಸುವ ವಿಧಾನ. ಈ ಥ್ರೆಡ್ಡನ್ನು ಯುಐ ಥ್ರೆಡ್ ಎಂದೂ ಕರೆಯುತ್ತಾರೆ. ಆ್ಯಂಡ್ರಾಯ್ಡ್ ಮತ್ತು ಐಓಎಸ್ ಎರಡರಲ್ಲಿಯೂ ಗುಂಡಿ, ಪಠ್ಯ, ಪಟ್ಟಿ ಮುಂತಾದ ಪರದೆಯ ಅಂಶಗಳನ್ನು ಸಾಮಾನ್ಯವಾಗಿ ಈ ಥ್ರೆಡ್‌ನಿಂದ ಮಾತ್ರ ಬದಲಾಯಿಸಬಹುದು. ಇದು ಒಂದು ಸಮಯದಲ್ಲಿ ಒಂದೇ ಕೆಲಸವನ್ನು ಮಾಡಬಲ್ಲದಾದ್ದರಿಂದ, ದೀರ್ಘಕಾಲ ಹಿಡಿಯುವ ಯಾವುದೇ ಕೆಲಸವು ಇಲ್ಲಿ ನಡೆದರೆ ಅದು ಮುಗಿಯುವವರೆಗೆ ಆ್ಯಪ್ ಸ್ತಬ್ಧವಾಗುತ್ತದೆ. ಆದಕಾರಣ ದೀರ್ಘ ಕೆಲಸಗಳನ್ನು ಹಿನ್ನೆಲೆ ಥ್ರೆಡ್‌ಗಳಿಗೆ ಕಳುಹಿಸುವುದು ಮತ್ತು ಅವುಗಳ ಫಲಿತಾಂಶವನ್ನು ಮಾತ್ರ ಮುಖ್ಯ ಥ್ರೆಡ್‌ಗೆ ಮರಳಿಸುವುದು ಮೊಬೈಲ್ ಪ್ರೋಗ್ರಾಮಿಂಗ್‌ನ ಮೂಲಭೂತ ನಿಯಮವಾಗಿದೆ.

ಹಿನ್ನೆಲೆ

ಚಾಲನೆಯಲ್ಲಿರುವ ಪ್ರತಿಯೊಂದು ಆ್ಯಪ್ ಕಾರ್ಯಾಚರಣಾ ವ್ಯವಸ್ಥೆಯ ದೃಷ್ಟಿಯಲ್ಲಿ ಒಂದು ಪ್ರಕ್ರಿಯೆ. ಪ್ರಕ್ರಿಯೆಯೊಳಗೆ ಆದೇಶಗಳು ಒಂದರ ನಂತರ ಒಂದರಂತೆ ನಡೆಯುವ ಸರಣಿಯೇ ಥ್ರೆಡ್. ಒಂದು ಪ್ರಕ್ರಿಯೆಯಲ್ಲಿ ಅನೇಕ ಥ್ರೆಡ್‌ಗಳು ಇರಬಹುದು ಮತ್ತು ಅವು ಒಂದೇ ಸ್ಮೃತಿಯನ್ನು ಹಂಚಿಕೊಳ್ಳುತ್ತವೆ. ಆ್ಯಪ್ ಆರಂಭವಾದಾಗ ಅದರ ಸಂಕೇತವನ್ನು ನಡೆಸಲು ವ್ಯವಸ್ಥೆ ಒದಗಿಸುವ ಮೊದಲ ಥ್ರೆಡ್ಡೇ ಮುಖ್ಯ ಥ್ರೆಡ್.

ಇಂದಿನ ಸಾಧಾರಣ ಬೆಲೆಯ ಫೋನುಗಳಲ್ಲಿಯೂ ಎಂಟು ಸಂಸ್ಕಾರಕ ಕೋರ್‌ಗಳಿರುವುದು ಸಾಮಾನ್ಯ. ಹೀಗಿದ್ದರೂ ಪರದೆಯ ನಿರ್ವಹಣೆಯನ್ನು ಒಂದೇ ಥ್ರೆಡ್‌ಗೆ ಸೀಮಿತಗೊಳಿಸಲು ಕಾರಣವಿದೆ. ಎರಡು ಥ್ರೆಡ್‌ಗಳು ಒಂದೇ ಪಟ್ಟಿಯನ್ನು ಏಕಕಾಲದಲ್ಲಿ ಬದಲಾಯಿಸಿದರೆ, ಅರ್ಧ ಹಳೆಯ ಮತ್ತು ಅರ್ಧ ಹೊಸ ಸ್ಥಿತಿ ಪರದೆಯ ಮೇಲೆ ಕಾಣಿಸಿಕೊಳ್ಳಬಹುದು ಅಥವಾ ಆ್ಯಪ್ ಕುಸಿದುಬೀಳಬಹುದು. ಇದನ್ನು ತಡೆಯಲು ಪ್ರತಿ ಅಂಶಕ್ಕೂ ಬೀಗಗಳನ್ನು ಅಳವಡಿಸಬಹುದು. ಆದರೆ ಪರದೆಯ ವ್ಯವಸ್ಥೆಯಲ್ಲಿ ಎರಡು ವಿರುದ್ಧ ದಿಕ್ಕಿನ ಹರಿವುಗಳಿವೆ. ಸ್ಪರ್ಶದ ಮಾಹಿತಿ ಯಂತ್ರಾಂಶದಿಂದ ಆ್ಯಪ್‌ನತ್ತ ಬರುತ್ತದೆ, ಚಿತ್ರಣದ ಆದೇಶ ಆ್ಯಪ್‌ನಿಂದ ಯಂತ್ರಾಂಶದತ್ತ ಹೋಗುತ್ತದೆ. ಎರಡೂ ಕಡೆಯಿಂದ ಬೀಗಗಳನ್ನು ವಿರುದ್ಧ ಕ್ರಮದಲ್ಲಿ ಹಿಡಿದಾಗ, ಒಂದು ಇನ್ನೊಂದಕ್ಕಾಗಿ ಕಾಯುತ್ತ ಎರಡೂ ನಿಂತುಹೋಗುವ ಸ್ಥಿತಿ ಉಂಟಾಗುತ್ತದೆ. ಇದನ್ನು ಡೆಡ್‌ಲಾಕ್ ಎನ್ನುತ್ತಾರೆ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಗ್ರಹಾಂ ಹ್ಯಾಮಿಲ್ಟನ್ ಅವರು 2004ರಲ್ಲಿ ಬರೆದ ಪ್ರಸಿದ್ಧ ಬರಹವೊಂದರಲ್ಲಿ ಬಹು ಥ್ರೆಡ್‌ಗಳ ಪರದೆ ವ್ಯವಸ್ಥೆಯ ಪ್ರಯತ್ನಗಳು ಏಕೆ ವಿಫಲವಾಗುತ್ತವೆ ಎಂಬುದನ್ನು ಇದೇ ಕಾರಣದಿಂದ ವಿವರಿಸಿದ್ದರು. ಜಾವಾದ ಸ್ವಿಂಗ್, ಆ್ಯಪಲ್‌ನ ಯುಐಕಿಟ್ ಮತ್ತು ಆ್ಯಂಡ್ರಾಯ್ಡ್‌ನ ವ್ಯೂ ವ್ಯವಸ್ಥೆ ಮೂರೂ ಏಕ ಥ್ರೆಡ್ ಮಾದರಿಯನ್ನೇ ಅನುಸರಿಸುತ್ತವೆ.

ಕಾರ್ಯವಿಧಾನ

ಮುಖ್ಯ ಥ್ರೆಡ್‌ನ ಕೇಂದ್ರಭಾಗ ಒಂದು ಅಂತ್ಯವಿಲ್ಲದ ಆವರ್ತ. ಇದನ್ನು ಈವೆಂಟ್ ಲೂಪ್ ಎನ್ನುತ್ತಾರೆ. ಬೆರಳಿನ ಸ್ಪರ್ಶ, ಪರದೆಯನ್ನು ಮತ್ತೆ ಚಿತ್ರಿಸುವ ಸೂಚನೆ, ಗಡಿಯಾರದ ಎಚ್ಚರಿಕೆ, ಹಿನ್ನೆಲೆ ಥ್ರೆಡ್ ಕಳುಹಿಸಿದ ಫಲಿತಾಂಶ ಇವೆಲ್ಲವೂ ಸಂದೇಶಗಳ ರೂಪದಲ್ಲಿ ಒಂದು ಸರತಿಯಲ್ಲಿ ಸೇರುತ್ತವೆ. ಆವರ್ತವು ಸರತಿಯ ಮೊದಲ ಸಂದೇಶವನ್ನು ತೆಗೆದುಕೊಂಡು, ಅದಕ್ಕೆ ಸಂಬಂಧಿಸಿದ ಸಂಕೇತವನ್ನು ಪೂರ್ತಿಯಾಗಿ ನಡೆಸಿ, ಅನಂತರ ಮುಂದಿನದನ್ನು ತೆಗೆದುಕೊಳ್ಳುತ್ತದೆ. ಸರತಿ ಖಾಲಿಯಿದ್ದಾಗ ಥ್ರೆಡ್ ನಿದ್ರಿಸುತ್ತದೆ. ಇದರಿಂದ ಬ್ಯಾಟರಿ ಉಳಿಯುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಆರಂಭವಾದ ಕೆಲಸವನ್ನು ಆವರ್ತವು ನಡುವೆ ನಿಲ್ಲಿಸಿ ಬದಿಗೆ ಸರಿಸಲಾರದು. ಇದನ್ನು ಏಕಪಥ ರೈಲು ಮಾರ್ಗಕ್ಕೆ ಹೋಲಿಸಬಹುದು. ಹುಮನಾಬಾದ್ ಮೂಲಕ ಹಾದುಹೋಗುವ, 2017ರ ಅಕ್ಟೋಬರ್ 29ರಂದು ಉದ್ಘಾಟನೆಗೊಂಡ ಸುಮಾರು 110 ಕಿ.ಮೀ. ಉದ್ದದ ಬೀದರ್–ಕಲಬುರಗಿ ಮಾರ್ಗವು ಏಕಪಥವಾಗಿಯೇ ಆರಂಭವಾಯಿತು. ಇಂಥ ಮಾರ್ಗದ ಒಂದು ವಿಭಾಗವನ್ನು ನಿಧಾನವಾದ ಸರಕು ರೈಲು ಪ್ರವೇಶಿಸಿದರೆ, ಅದು ಮುಂದಿನ ನಿಲ್ದಾಣವನ್ನು ತಲುಪುವವರೆಗೆ ಹಿಂದಿನ ರೈಲು ಎಷ್ಟೇ ವೇಗದ್ದಾಗಿದ್ದರೂ ಕಾಯಬೇಕು. ವಿಭಾಗವನ್ನು ಪ್ರವೇಶಿಸಿದ ರೈಲನ್ನು ಹಿಂದಕ್ಕೆ ಕರೆಯಲಾಗದು. ಯಾವ ರೈಲನ್ನು ಮೊದಲು ಬಿಡಬೇಕು ಎಂಬ ನಿರ್ಧಾರವು ಅದು ಹೊರಡುವ ಮೊದಲೇ ಆಗಬೇಕು. ಮುಖ್ಯ ಥ್ರೆಡ್‌ನಲ್ಲಿಯೂ ಇದೇ ಸ್ಥಿತಿ: ಬಳಕೆದಾರರ ಸ್ಪರ್ಶವನ್ನು ನಿರ್ವಹಿಸಲು ಒಂದೇ ಮಿಲಿಸೆಕೆಂಡ್ ಸಾಕಾಗಿದ್ದರೂ, ಅದರ ಮುಂದಿರುವ ಕೆಲಸಕ್ಕೆ ಮೂರು ಸೆಕೆಂಡ್ ಬೇಕಾದರೆ ಸ್ಪರ್ಶವೂ ಮೂರು ಸೆಕೆಂಡ್ ಕಾಯುತ್ತದೆ.

ಥ್ರೆಡ್‌ಗಳ ನಡುವೆ ಸಂಸ್ಕಾರಕದ ಸಮಯವನ್ನು ಹಂಚುವ ಕೆಲಸ ಕಾರ್ಯಾಚರಣಾ ವ್ಯವಸ್ಥೆಯ ಕರ್ನಲ್‌ಗೆ ಸೇರಿದ್ದು. ಅದು ಮುಖ್ಯ ಥ್ರೆಡ್ಡನ್ನು ಕ್ಷಣಕಾಲ ತಡೆದು ಬೇರೊಂದು ಥ್ರೆಡ್‌ಗೆ ಅವಕಾಶ ಕೊಡಬಲ್ಲದು. ಆದರೆ ಮುಖ್ಯ ಥ್ರೆಡ್‌ನ ಒಳಗಿನ ಸರತಿಯಲ್ಲಿ ಕಾಯುತ್ತಿರುವ ಸಂದೇಶಗಳ ಕ್ರಮವನ್ನು ಅದು ಬದಲಾಯಿಸುವುದಿಲ್ಲ. ಆ ಹೊಣೆ ಆ್ಯಪ್ ಬರೆಯುವವರದು.

ಕಾಲಮಿತಿಗಳು

ಪರದೆಯು ಪ್ರತಿ ಸೆಕೆಂಡಿಗೆ ನಿಗದಿತ ಸಂಖ್ಯೆಯ ಬಾರಿ ಹೊಸ ಚಿತ್ರವನ್ನು ತೋರಿಸುತ್ತದೆ. ಅಂಥ ಒಂದೊಂದು ಚಿತ್ರವನ್ನು ಫ್ರೇಮ್ ಎನ್ನುತ್ತಾರೆ. ಪ್ರತಿ ಫ್ರೇಮ್‌ಗೆ ದೊರೆಯುವ ಸಮಯ ಹೀಗಿದೆ:

• 60 ಹರ್ಟ್ಸ್ ಪರದೆ: ಸುಮಾರು 16.67 ಮಿಲಿಸೆಕೆಂಡ್
• 90 ಹರ್ಟ್ಸ್ ಪರದೆ: ಸುಮಾರು 11.11 ಮಿಲಿಸೆಕೆಂಡ್
• 120 ಹರ್ಟ್ಸ್ ಪರದೆ: ಸುಮಾರು 8.33 ಮಿಲಿಸೆಕೆಂಡ್

ಈ ಅವಧಿಯೊಳಗೆ ಸ್ಪರ್ಶದ ನಿರ್ವಹಣೆ, ಚಲನಚಿತ್ರಣ, ಅಂಶಗಳ ಅಳತೆ ಮತ್ತು ಜೋಡಣೆ, ಚಿತ್ರಣದ ಆದೇಶಗಳ ಸಿದ್ಧತೆ ಎಲ್ಲವೂ ಮುಗಿಯಬೇಕು. ಮುಗಿಯದಿದ್ದರೆ ಹಳೆಯ ಚಿತ್ರವೇ ಪರದೆಯ ಮೇಲೆ ಉಳಿಯುತ್ತದೆ. 60 ಹರ್ಟ್ಸ್ ಪರದೆಯಲ್ಲಿ 200 ಮಿಲಿಸೆಕೆಂಡ್ ಹಿಡಿಯುವ ಒಂದು ಕೆಲಸವು ಸುಮಾರು ಹನ್ನೆರಡು ಫ್ರೇಮ್‌ಗಳನ್ನು ತಪ್ಪಿಸುತ್ತದೆ. ಪಟ್ಟಿಯನ್ನು ಸರಿಸುತ್ತಿರುವವರಿಗೆ ಇದು ಎಡವಿದಂತೆ ಭಾಸವಾಗುತ್ತದೆ.

ಆ್ಯಂಡ್ರಾಯ್ಡ್‌ನ ಗುಣಮಟ್ಟದ ಅಳತೆಗಳಲ್ಲಿ 700 ಮಿಲಿಸೆಕೆಂಡ್‌ಗಿಂತ ಹೆಚ್ಚು ಸಮಯ ಹಿಡಿದ ಫ್ರೇಮನ್ನು ಹೆಪ್ಪುಗಟ್ಟಿದ ಫ್ರೇಮ್ ಎಂದು ಪರಿಗಣಿಸಲಾಗುತ್ತದೆ. ಸ್ಪರ್ಶದಂಥ ಘಟನೆಗೆ ಐದು ಸೆಕೆಂಡ್‌ಗಳೊಳಗೆ ಉತ್ತರ ಬಾರದಿದ್ದರೆ ವ್ಯವಸ್ಥೆಯು ಆ್ಯಪ್ ಸ್ಪಂದಿಸುತ್ತಿಲ್ಲ ಎಂದು ನಿರ್ಣಯಿಸುತ್ತದೆ. ಈ ಸ್ಥಿತಿಗೆ ಎಎನ್ಆರ್ ಎಂದು ಹೆಸರು. ಆಗ ಕಾಯುವ ಅಥವಾ ಆ್ಯಪ್ ಮುಚ್ಚುವ ಆಯ್ಕೆಯನ್ನು ಬಳಕೆದಾರರ ಮುಂದೆ ಇಡಲಾಗುತ್ತದೆ. ಗೂಗಲ್ ಪ್ಲೇ ಮಳಿಗೆಯಲ್ಲಿ, ಒಂದು ದಿನದ ಸಕ್ರಿಯ ಬಳಕೆದಾರರ ಪೈಕಿ ಶೇ. 0.47 ಅಥವಾ ಹೆಚ್ಚಿನವರು ಇಂಥ ಸ್ಥಿತಿಯನ್ನು ಎದುರಿಸಿದರೆ, ಅಥವಾ ಯಾವುದೇ ಒಂದು ಮಾದರಿಯ ಫೋನಿನಲ್ಲಿ ಈ ಪ್ರಮಾಣ ಶೇ. 8ನ್ನು ತಲುಪಿದರೆ, ಆ ಆ್ಯಪ್ ಮಳಿಗೆಯಲ್ಲಿ ಕಾಣಿಸಿಕೊಳ್ಳುವ ಪ್ರಮಾಣ ಕುಗ್ಗಬಹುದು. ಐಓಎಸ್‌ನಲ್ಲಿ ಮುಖ್ಯ ಥ್ರೆಡ್ 250 ಮಿಲಿಸೆಕೆಂಡ್ ಅಥವಾ ಹೆಚ್ಚು ಕಾಲ ಸ್ತಬ್ಧವಾದರೆ ಆ್ಯಪಲ್‌ನ ಸಾಧನಗಳು ಅದನ್ನು ಹ್ಯಾಂಗ್ ಎಂದು ದಾಖಲಿಸುತ್ತವೆ. ಆ್ಯಪ್ ಆರಂಭವಾಗುವಾಗ ಅಥವಾ ಹಿನ್ನೆಲೆಗೆ ಸರಿಯುವಾಗ ಅತಿಯಾಗಿ ತಡವಾದರೆ ಕಾವಲು ವ್ಯವಸ್ಥೆಯು ಅದನ್ನು ಕೊನೆಗೊಳಿಸುತ್ತದೆ.

ಈ ಮಿತಿಗಳು ಎಲ್ಲ ಫೋನುಗಳಿಗೂ ಒಂದೇ, ಆದರೆ ಫೋನುಗಳ ವೇಗ ಒಂದೇ ಅಲ್ಲ. ಅಭಿವೃದ್ಧಿಪಡಿಸುವವರ ದುಬಾರಿ ಫೋನಿನಲ್ಲಿ 40 ಮಿಲಿಸೆಕೆಂಡ್ ಹಿಡಿಯುವ ಕೆಲಸವು ನಾಲ್ಕು ಪಟ್ಟು ನಿಧಾನವಾದ ಫೋನಿನಲ್ಲಿ 160 ಮಿಲಿಸೆಕೆಂಡ್ ಹಿಡಿಯುತ್ತದೆ. ಮೊದಲನೆಯದರಲ್ಲಿ ಕಣ್ಣಿಗೆ ಬೀಳದ ದೋಷವು ಎರಡನೆಯದರಲ್ಲಿ ನಿತ್ಯದ ತೊಂದರೆಯಾಗುತ್ತದೆ.

ಉದಾಹರಣೆ: ಬೆಳೆ ಸಮೀಕ್ಷೆಯ ಆ್ಯಪ್

ಕರ್ನಾಟಕ ಸರ್ಕಾರವು 2020–21ರ ಮುಂಗಾರು ಹಂಗಾಮಿನಲ್ಲಿ ರೈತರೇ ತಮ್ಮ ಜಮೀನಿನ ಬೆಳೆಯ ವಿವರವನ್ನು ಛಾಯಾಚಿತ್ರಸಹಿತ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ ಅನ್ನು ಬಳಕೆಗೆ ತಂದಿತು. ಬೆಳೆ ಸಮೀಕ್ಷೆಯ ಮಾಹಿತಿಯು ಬೆಳೆ ವಿಮೆ, ಬೆಳೆ ಹಾನಿ ಪರಿಹಾರ ಮತ್ತು ಬೆಂಬಲ ಬೆಲೆಯಲ್ಲಿ ಖರೀದಿ ಮುಂತಾದ ಉದ್ದೇಶಗಳಿಗೆ ಬಳಕೆಯಾಗುತ್ತದೆ. ಆದ್ದರಿಂದ ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿ ಸೋಯಾ ಅವರೆ ಅಥವಾ ತೊಗರಿ ಬೆಳೆಯುವ ರೈತರಿಗೆ ಹೊಲದಲ್ಲಿ ನಿಂತು ತೆಗೆದ ಒಂದು ಛಾಯಾಚಿತ್ರ ಸರಿಯಾಗಿ ದಾಖಲಾಗುವುದು ಹಣಕಾಸಿನ ದೃಷ್ಟಿಯಿಂದಲೂ ಮಹತ್ವದ್ದು. ಈ ಬಗೆಯ ಯಾವುದೇ ಆ್ಯಪ್ ಅನ್ನು ರೂಪಿಸುವಾಗ ಕಾರ್ಯ ನಿಯೋಜನೆ ಹೇಗಿರಬೇಕು ಎಂಬುದನ್ನು ಕೆಳಗಿನ ಮಾದರಿ ತೋರಿಸುತ್ತದೆ.

ರೈತರು "ಉಳಿಸಿ" ಎಂಬ ಗುಂಡಿಯನ್ನು ಒತ್ತಿದಾಗ ಐದು ಕೆಲಸಗಳು ನಡೆಯಬೇಕು ಎಂದು ಭಾವಿಸೋಣ: ಛಾಯಾಚಿತ್ರವನ್ನು ಕುಗ್ಗಿಸುವುದು, ಜಿಪಿಎಸ್ ಮೂಲಕ ಸ್ಥಳವನ್ನು ಪಡೆಯುವುದು, ಸರ್ವೆ ನಂಬರ್ ಮತ್ತು ಬೆಳೆಯ ವಿವರವನ್ನು ಫೋನಿನ ದತ್ತಸಂಚಯದಲ್ಲಿ ಬರೆಯುವುದು, ಸರ್ವರ್‌ಗೆ ಕಳುಹಿಸುವುದು, ಪರದೆಯಲ್ಲಿ "ದಾಖಲಾಗಿದೆ" ಎಂದು ತೋರಿಸುವುದು. ಇವುಗಳಲ್ಲಿ ಕೊನೆಯದು ಮಾತ್ರ ಮುಖ್ಯ ಥ್ರೆಡ್‌ನ ಕೆಲಸ.

4000 ಅಗಲ ಮತ್ತು 3000 ಎತ್ತರದ, ಅಂದರೆ 12 ಮೆಗಾಪಿಕ್ಸೆಲ್‌ನ ಛಾಯಾಚಿತ್ರವನ್ನು ಪ್ರತಿ ಪಿಕ್ಸೆಲ್‌ಗೆ 4 ಬೈಟ್‌ನಂತೆ ಬಿಡಿಸಿದರೆ 4.8 ಕೋಟಿ ಬೈಟ್, ಅಂದರೆ ಸುಮಾರು 48 ಎಂಬಿ ಸ್ಮೃತಿ ಬೇಕು. ಓದುವಾಗಲೇ ಎರಡೂ ದಿಕ್ಕಿನಲ್ಲಿ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಸಿದರೆ ಈ ಪ್ರಮಾಣ ಹದಿನಾರರಲ್ಲಿ ಒಂದು ಭಾಗಕ್ಕೆ, ಅಂದರೆ ಸುಮಾರು 3 ಎಂಬಿಗೆ ಇಳಿಯುತ್ತದೆ. ಈ ಕೆಲಸ ಸಂಸ್ಕಾರಕವನ್ನು ದುಡಿಸುವಂಥದು. ಜಿಪಿಎಸ್ ಮತ್ತು ಸರ್ವರ್‌ನ ಕೆಲಸಗಳಲ್ಲಿ ದುಡಿಮೆ ಕಡಿಮೆ, ಕಾಯುವಿಕೆ ಹೆಚ್ಚು. ಸಂಕೇತ ದುರ್ಬಲವಾಗಿರುವ ಹೊಲದಲ್ಲಿ ಸರ್ವರ್‌ನ ಉತ್ತರಕ್ಕೆ ಹತ್ತಾರು ಸೆಕೆಂಡ್ ಕಾಯಬೇಕಾಗಬಹುದು, ಉತ್ತರ ಬಾರದೆಯೂ ಇರಬಹುದು. ಇವೆಲ್ಲವನ್ನೂ ಮುಖ್ಯ ಥ್ರೆಡ್‌ನಲ್ಲಿ ಒಂದರ ಹಿಂದೆ ಒಂದರಂತೆ ನಡೆಸಿದರೆ ಗುಂಡಿ ಒತ್ತಿದ ಮೇಲೆ ಪರದೆ ಅಲುಗುವುದಿಲ್ಲ. ಬಳಕೆದಾರರು ಒತ್ತಿದ್ದು ತಾಗಲಿಲ್ಲವೆಂದು ಭಾವಿಸಿ ಮತ್ತೆ ಮತ್ತೆ ಒತ್ತುತ್ತಾರೆ. ಆ ಸ್ಪರ್ಶಗಳೆಲ್ಲ ಸರತಿಯಲ್ಲಿ ಸೇರಿ, ಕೊನೆಗೆ ಒಂದೇ ವಿವರ ಎರಡು ಮೂರು ಬಾರಿ ದಾಖಲಾಗಬಹುದು. ಎಎನ್ಆರ್ ಸೂಚನೆ ಬಂದಾಗ ಬಳಕೆದಾರರು ಆ್ಯಪ್ ಮುಚ್ಚಿದರೆ ಇನ್ನೂ ಬರೆಯದ ಮಾಹಿತಿ ನಷ್ಟವಾಗುತ್ತದೆ.

ಸರಿಯಾದ ನಿಯೋಜನೆಯ ಕ್ರಮ ಹೀಗಿರುತ್ತದೆ:

1. ಗುಂಡಿ ಒತ್ತಿದ ತಕ್ಷಣ ಮುಖ್ಯ ಥ್ರೆಡ್‌ನಲ್ಲಿಯೇ ಗುಂಡಿಯನ್ನು ನಿಷ್ಕ್ರಿಯಗೊಳಿಸಿ, "ಉಳಿಸಲಾಗುತ್ತಿದೆ" ಎಂಬ ಸೂಚನೆ ತೋರಿಸುವುದು. ಇದು ಒಂದು ಫ್ರೇಮ್‌ನೊಳಗೆ ಮುಗಿಯುತ್ತದೆ.
2. ಚಿತ್ರವನ್ನು ಕುಗ್ಗಿಸುವ ಕೆಲಸವನ್ನು ಗಣನೆಗೆ ಮೀಸಲಾದ ಹಿನ್ನೆಲೆ ಥ್ರೆಡ್‌ಗೆ ಕಳುಹಿಸುವುದು. ಜಿಪಿಎಸ್ ಕೋರಿಕೆಯನ್ನು ಕಾಯದೆ ಸಲ್ಲಿಸಿ, ಉತ್ತರ ಬಂದಾಗ ಕರೆಯುವಂತೆ ಏರ್ಪಡಿಸುವುದು.
3. ಚಿತ್ರದ ಕಡತವನ್ನು ಮತ್ತು ವಿವರವನ್ನು ಒಂದು ಅನನ್ಯ ಗುರುತಿನ ಸಂಖ್ಯೆಯೊಂದಿಗೆ ಹಿನ್ನೆಲೆ ಥ್ರೆಡ್‌ನಿಂದ ಫೋನಿನಲ್ಲಿಯೇ ಬರೆಯುವುದು.
4. ಬರಹ ಮುಗಿದ ಮೇಲೆ ಮುಖ್ಯ ಥ್ರೆಡ್‌ಗೆ ಮರಳಿ, "ಫೋನಿನಲ್ಲಿ ಉಳಿಸಲಾಗಿದೆ, ಕಳುಹಿಸುವುದು ಬಾಕಿ" ಎಂದು ತೋರಿಸುವುದು.
5. ಜಾಲಸಂಪರ್ಕ ದೊರೆತಾಗ ಕಳುಹಿಸುವ ಹೊಣೆಯನ್ನು ಕಾರ್ಯಾಚರಣಾ ವ್ಯವಸ್ಥೆಯ ಹಿನ್ನೆಲೆ ನಿಯೋಜಕಕ್ಕೆ ವಹಿಸುವುದು. ಅದೇ ಗುರುತಿನ ಸಂಖ್ಯೆ ಎರಡನೆಯ ಬಾರಿ ಬಂದರೆ ಸರ್ವರ್ ಅದನ್ನು ಹೊಸ ದಾಖಲೆಯೆಂದು ಎಣಿಸಬಾರದು.

ನಾಲ್ಕನೆಯ ಮತ್ತು ಐದನೆಯ ಹಂತಗಳನ್ನು ಪ್ರತ್ಯೇಕಿಸುವುದು ಅತ್ಯಗತ್ಯ. ಫೋನಿನಲ್ಲಿ ಉಳಿದದ್ದನ್ನು ಸರ್ವರ್‌ಗೆ ತಲುಪಿದೆ ಎಂದು ತೋರಿಸಿದರೆ, ಸಮೀಕ್ಷೆಯ ಅವಧಿ ಮುಗಿದ ಮೇಲಷ್ಟೇ ಬಳಕೆದಾರರಿಗೆ ನಿಜಸ್ಥಿತಿ ತಿಳಿಯುವ ಅಪಾಯವಿದೆ.

ಆ್ಯಂಡ್ರಾಯ್ಡ್‌ನಲ್ಲಿ

ಆ್ಯಂಡ್ರಾಯ್ಡ್‌ನಲ್ಲಿ ಆವರ್ತವನ್ನು ಲೂಪರ್ ಎಂಬ ವರ್ಗವೂ ಸರತಿಯನ್ನು ಮೆಸೇಜ್ ಕ್ಯೂ ಎಂಬ ವರ್ಗವೂ ನಿರ್ವಹಿಸುತ್ತವೆ. ಸರತಿಗೆ ಕೆಲಸವನ್ನು ಸೇರಿಸಲು ಹ್ಯಾಂಡ್ಲರ್ ಬಳಕೆಯಾಗುತ್ತದೆ. ಸಂದೇಶಗಳು ಅವು ನಡೆಯಬೇಕಾದ ಸಮಯದ ಕ್ರಮದಲ್ಲಿ ಜೋಡಣೆಯಾಗುತ್ತವೆ. ಸಮಯ ಒಂದೇ ಆಗಿದ್ದರೆ ಮೊದಲು ಬಂದದ್ದು ಮೊದಲು ನಡೆಯುತ್ತದೆ. "ಎರಡು ಸೆಕೆಂಡ್ ನಂತರ ನಡೆಸು" ಎಂಬ ಆದೇಶವು ಕನಿಷ್ಠ ಕಾಯುವಿಕೆಯನ್ನು ಮಾತ್ರ ಸೂಚಿಸುತ್ತದೆ. ಆ ಹೊತ್ತಿನಲ್ಲಿ ಥ್ರೆಡ್ ಬೇರೆ ಕೆಲಸದಲ್ಲಿದ್ದರೆ ಇನ್ನೂ ತಡವಾಗುತ್ತದೆ. ಫೋನ್ ಗಾಢ ನಿದ್ರೆಯಲ್ಲಿರುವ ಅವಧಿಯೂ ಈ ಲೆಕ್ಕದಲ್ಲಿ ಸೇರುವುದಿಲ್ಲ.

2012ರ ಆ್ಯಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಬಂದ ಕೊರಿಯೋಗ್ರಾಫರ್ ಎಂಬ ವರ್ಗವು ಪರದೆಯ ಮಿಡಿತಕ್ಕೆ ಹೊಂದುವಂತೆ ಚಿತ್ರಣವನ್ನು ನಿಯೋಜಿಸುತ್ತದೆ. ಚಿತ್ರಣ ಬಾಕಿಯಿರುವಾಗ ಸರತಿಯಲ್ಲಿ ಒಂದು ತಡೆಯನ್ನು ಇರಿಸಿ, ಸಾಮಾನ್ಯ ಸಂದೇಶಗಳನ್ನು ದಾಟಿ ಚಿತ್ರಣದ ಸಂದೇಶ ಮೊದಲು ನಡೆಯುವಂತೆ ಮಾಡಲಾಗುತ್ತದೆ. ಆದರೆ ಈಗಾಗಲೇ ಆರಂಭವಾಗಿರುವ ಕೆಲಸವನ್ನು ಈ ತಡೆಯೂ ನಿಲ್ಲಿಸಲಾರದು. 2014ರ ಆ್ಯಂಡ್ರಾಯ್ಡ್ 5.0ರಲ್ಲಿ ರೆಂಡರ್ ಥ್ರೆಡ್ ಸೇರ್ಪಡೆಯಾಗಿ, ಚಿತ್ರಣದ ಆದೇಶಗಳನ್ನು ಗ್ರಾಫಿಕ್ಸ್ ಸಂಸ್ಕಾರಕಕ್ಕೆ ಕಳುಹಿಸುವ ಭಾಗ ಮುಖ್ಯ ಥ್ರೆಡ್‌ನಿಂದ ಬೇರ್ಪಟ್ಟಿತು.

ನಿಯಮಗಳೂ ಕ್ರಮೇಣ ಬಿಗಿಯಾದವು. 2010ರ ಆ್ಯಂಡ್ರಾಯ್ಡ್ 2.3ರಲ್ಲಿ ಬಂದ ಸ್ಟ್ರಿಕ್ಟ್ ಮೋಡ್, ಮುಖ್ಯ ಥ್ರೆಡ್‌ನಲ್ಲಿ ಕಡತ ಮತ್ತು ಜಾಲದ ಕೆಲಸ ನಡೆದರೆ ಅಭಿವೃದ್ಧಿಪಡಿಸುವವರನ್ನು ಎಚ್ಚರಿಸುತ್ತದೆ. 2011ರ ಆ್ಯಂಡ್ರಾಯ್ಡ್ 3.0ರಿಂದ ಮುಖ್ಯ ಥ್ರೆಡ್‌ನಲ್ಲಿ ಜಾಲಸಂಪರ್ಕ ಮಾಡುವುದು ದೋಷವೆಂದು ಪರಿಗಣಿತವಾಗಿ ಆ್ಯಪ್ ಕುಸಿಯುತ್ತದೆ. ದತ್ತಸಂಚಯಕ್ಕಾಗಿರುವ ರೂಮ್ ಗ್ರಂಥಾಲಯವೂ ವಿಶೇಷ ಅನುಮತಿ ಇಲ್ಲದೆ ಮುಖ್ಯ ಥ್ರೆಡ್‌ನಲ್ಲಿ ಪ್ರಶ್ನೆಗಳನ್ನು ನಡೆಸಲು ಬಿಡುವುದಿಲ್ಲ.

ಹಿನ್ನೆಲೆ ಕೆಲಸಕ್ಕಾಗಿ 2009ರಲ್ಲಿ ಪರಿಚಯವಾದ ಅಸಿಂಕ್ ಟಾಸ್ಕ್ ಬಹುಕಾಲ ಪ್ರಚಲಿತವಾಗಿತ್ತು. ಮುಚ್ಚಿಹೋದ ಪರದೆಯ ಉಲ್ಲೇಖವನ್ನು ಹಿಡಿದಿಟ್ಟುಕೊಂಡು ಸ್ಮೃತಿ ಸೋರಿಕೆಗೆ ಕಾರಣವಾಗುವುದೇ ಮುಂತಾದ ತೊಡಕುಗಳಿಂದಾಗಿ 2020ರ ಆ್ಯಂಡ್ರಾಯ್ಡ್ 11ರಲ್ಲಿ ಅದರ ಬಳಕೆಯನ್ನು ಕೈಬಿಡುವಂತೆ ಸೂಚಿಸಲಾಯಿತು. ಇಂದು ಕೋಟ್ಲಿನ್ ಭಾಷೆಯ ಕೊರೂಟಿನ್‌ಗಳು ಸಾಮಾನ್ಯ. 2018ರ ಕೋಟ್ಲಿನ್ 1.3ರಲ್ಲಿ ಇವು ಸ್ಥಿರ ರೂಪ ಪಡೆದವು. ಇಲ್ಲಿ ಕೆಲಸ ಎಲ್ಲಿ ನಡೆಯಬೇಕೆಂಬುದನ್ನು ಡಿಸ್ಪ್ಯಾಚರ್ ನಿರ್ಧರಿಸುತ್ತದೆ. ಮೇನ್ ಡಿಸ್ಪ್ಯಾಚರ್ ಪರದೆಯ ಕೆಲಸಕ್ಕೆ, ಡೀಫಾಲ್ಟ್ ಡಿಸ್ಪ್ಯಾಚರ್ ಗಣನೆಗೆ, ಐಓ ಡಿಸ್ಪ್ಯಾಚರ್ ಕಡತ ಮತ್ತು ಜಾಲದ ಕಾಯುವಿಕೆಗೆ ಮೀಸಲು. ಡೀಫಾಲ್ಟ್‌ನ ಥ್ರೆಡ್‌ಗಳ ಸಂಖ್ಯೆ ಕೋರ್‌ಗಳ ಸಂಖ್ಯೆಯನ್ನು ಅನುಸರಿಸುತ್ತದೆ. ಐಓ ಡಿಸ್ಪ್ಯಾಚರ್‌ನ ಸಾಮಾನ್ಯ ಮಿತಿ 64. ಕೊರೂಟಿನ್ ಕಾಯುವಾಗ ಥ್ರೆಡ್ಡನ್ನು ಹಿಡಿದಿಟ್ಟುಕೊಳ್ಳುವುದಿಲ್ಲ; ತನ್ನ ಸ್ಥಿತಿಯನ್ನು ಉಳಿಸಿ ಥ್ರೆಡ್ಡನ್ನು ಬಿಟ್ಟುಕೊಡುತ್ತದೆ. ಪರದೆ ಮುಚ್ಚಿದಾಗ ಅದಕ್ಕೆ ಸೇರಿದ ಕೊರೂಟಿನ್‌ಗಳನ್ನು ಒಟ್ಟಾಗಿ ರದ್ದುಗೊಳಿಸಲೂಬಹುದು. ಆ್ಯಪ್ ಮುಚ್ಚಿದ ಮೇಲೆಯೂ ಅಥವಾ ಫೋನನ್ನು ಮರುಚಾಲನೆ ಮಾಡಿದ ಮೇಲೆಯೂ ಪೂರ್ಣಗೊಳ್ಳಲೇಬೇಕಾದ ಕೆಲಸಗಳಿಗೆ ವರ್ಕ್ ಮ್ಯಾನೇಜರ್ ಸೂಕ್ತ. ಮೇಲಿನ ಉದಾಹರಣೆಯ ಐದನೆಯ ಹಂತ ಇದಕ್ಕೆ ಸೇರಿದ್ದು.

ಐಓಎಸ್‌ನಲ್ಲಿ

ಐಓಎಸ್‌ನ ಮುಖ್ಯ ಥ್ರೆಡ್ ರನ್ ಲೂಪ್ ಎಂಬ ಆವರ್ತವನ್ನು ನಡೆಸುತ್ತದೆ. 2010ರ ಐಓಎಸ್ 4ರಲ್ಲಿ ಲಭ್ಯವಾದ ಗ್ರ್ಯಾಂಡ್ ಸೆಂಟ್ರಲ್ ಡಿಸ್ಪ್ಯಾಚ್, ಥ್ರೆಡ್‌ಗಳ ಬದಲಿಗೆ ಸರತಿಗಳ ಪರಿಭಾಷೆಯಲ್ಲಿ ಯೋಚಿಸುವ ಪದ್ಧತಿಯನ್ನು ರೂಢಿಗೆ ತಂದಿತು. ಇದರಲ್ಲಿ ಮುಖ್ಯ ಸರತಿಗೆ ಸೇರಿಸಿದ ಕೆಲಸಗಳು ಮುಖ್ಯ ಥ್ರೆಡ್‌ನಲ್ಲಿ ಒಂದರ ನಂತರ ಒಂದರಂತೆ ನಡೆಯುತ್ತವೆ. ಮುಖ್ಯ ಥ್ರೆಡ್‌ನಲ್ಲಿದ್ದುಕೊಂಡೇ ಮುಖ್ಯ ಸರತಿಗೆ ಒಂದು ಕೆಲಸವನ್ನು ಸೇರಿಸಿ ಅದು ಮುಗಿಯುವವರೆಗೆ ಕಾದರೆ ಡೆಡ್‌ಲಾಕ್ ಉಂಟಾಗುತ್ತದೆ: ಕೆಲಸವು ಥ್ರೆಡ್ ಬಿಡುವಾಗಲೆಂದು ಕಾಯುತ್ತದೆ, ಥ್ರೆಡ್ ಕೆಲಸ ಮುಗಿಯಲೆಂದು ಕಾಯುತ್ತದೆ.

ರನ್ ಲೂಪ್‌ಗೆ ವಿವಿಧ ವಿಧಾನಗಳಿವೆ. ಸಾಮಾನ್ಯ ವಿಧಾನದಲ್ಲಿ ಮಾತ್ರ ನೋಂದಾಯಿಸಿದ ಗಡಿಯಾರದ ಘಟನೆಯು, ಬಳಕೆದಾರರು ಪಟ್ಟಿಯನ್ನು ಸರಿಸುತ್ತಿರುವಾಗ ನಡೆಯುವುದಿಲ್ಲ. ಸರಿಸುವಿಕೆ ನಿಂತ ಮೇಲೆ ಅದು ಮುಂದುವರಿಯುತ್ತದೆ. ಕ್ಷಣಗಣನೆ ತೋರಿಸುವ ಆ್ಯಪ್‌ಗಳಲ್ಲಿ ಅಂಕಿ ನಿಂತಂತೆ ಕಾಣುವುದಕ್ಕೆ ಇದೇ ಕಾರಣವಿರಬಹುದು.

2021ರ ಸ್ವಿಫ್ಟ್ 5.5ರಲ್ಲಿ ಅಸಿಂಕ್ ಮತ್ತು ಅವೇಟ್ ಪದಗಳ ಜೊತೆಗೆ ಮೇನ್ ಆ್ಯಕ್ಟರ್ ಎಂಬ ಗುರುತು ಬಂದಿತು. ಒಂದು ವರ್ಗ ಅಥವಾ ಕಾರ್ಯಕ್ಕೆ ಈ ಗುರುತನ್ನು ಹಚ್ಚಿದರೆ, ಅದು ಮುಖ್ಯ ಥ್ರೆಡ್‌ನಲ್ಲಿಯೇ ನಡೆಯಬೇಕೆಂಬ ನಿಯಮವನ್ನು ಕಂಪೈಲರ್ ಪರಿಶೀಲಿಸುತ್ತದೆ. ಆದರೆ ಅವೇಟ್ ಇರುವ ಸ್ಥಳದಲ್ಲಿ ಕಾರ್ಯವು ತಾತ್ಕಾಲಿಕವಾಗಿ ನಿಂತು ಬೇರೆ ಕೆಲಸಗಳಿಗೆ ದಾರಿ ಕೊಡುತ್ತದೆ. ಮತ್ತೆ ಆರಂಭವಾಗುವ ಹೊತ್ತಿಗೆ ಪರದೆಯ ಸ್ಥಿತಿ ಬದಲಾಗಿರಬಹುದಾದ್ದರಿಂದ ಅದನ್ನು ಪುನಃ ಪರಿಶೀಲಿಸಬೇಕು.

ಬಹುವೇದಿಕೆ ಚೌಕಟ್ಟುಗಳಲ್ಲಿ

ಫ್ಲಟ್ಟರ್ ಬಳಸುವ ಡಾರ್ಟ್ ಭಾಷೆಯಲ್ಲಿ ಪ್ರತಿಯೊಂದು ಐಸೊಲೇಟ್‌ಗೂ ತನ್ನದೇ ಆದ ಆವರ್ತವಿದೆ. ಇದರಲ್ಲಿ ಘಟನೆಗಳ ಸರತಿ ಮತ್ತು ಮೈಕ್ರೊಟಾಸ್ಕ್‌ಗಳ ಸರತಿ ಎಂಬ ಎರಡು ಸರತಿಗಳಿವೆ. ಮೈಕ್ರೊಟಾಸ್ಕ್‌ಗಳು ಸಂಪೂರ್ಣ ಮುಗಿದ ಮೇಲಷ್ಟೇ ಮುಂದಿನ ಘಟನೆಗೆ ಅವಕಾಶ. ಆದ್ದರಿಂದ ಮೈಕ್ರೊಟಾಸ್ಕ್ ಒಂದು ತನ್ನಂಥದೇ ಇನ್ನೊಂದನ್ನು ಸೇರಿಸುತ್ತ ಹೋದರೆ ಸ್ಪರ್ಶ ಮತ್ತು ಚಿತ್ರಣಕ್ಕೆ ಸರದಿಯೇ ಬರುವುದಿಲ್ಲ. ಅಸಿಂಕ್ ಎಂದು ಬರೆದ ಮಾತ್ರಕ್ಕೆ ಡಾರ್ಟ್‌ನಲ್ಲಿ ಗಣನೆಯು ಬೇರೆ ಥ್ರೆಡ್‌ಗೆ ಹೋಗುವುದಿಲ್ಲ. ಅದಕ್ಕೆ ಪ್ರತ್ಯೇಕ ಐಸೊಲೇಟ್ ಬೇಕು. ರಿಯಾಕ್ಟ್ ನೇಟಿವ್‌ನಲ್ಲಿ ಜಾವಾಸ್ಕ್ರಿಪ್ಟ್ ಸಂಕೇತವು ಸಾಮಾನ್ಯವಾಗಿ ಮುಖ್ಯ ಥ್ರೆಡ್‌ನಿಂದ ಬೇರೆಯಾದ ಥ್ರೆಡ್‌ನಲ್ಲಿ ನಡೆಯುತ್ತದೆ. ಅಲ್ಲಿ ಪಟ್ಟಿ ಸರಾಗವಾಗಿ ಸರಿಯುತ್ತಿದ್ದರೂ ಜಾವಾಸ್ಕ್ರಿಪ್ಟ್ ಥ್ರೆಡ್ ತಡೆಗೊಂಡಿದ್ದರೆ ಗುಂಡಿಗಳು ಉತ್ತರಿಸದ ಸ್ಥಿತಿ ಉಂಟಾಗಬಹುದು.

ಕನ್ನಡ ಪಠ್ಯ ಮತ್ತು ಮುಖ್ಯ ಥ್ರೆಡ್

ಪಠ್ಯದ ಅಳತೆಯು ಮುಖ್ಯ ಥ್ರೆಡ್‌ನ ಕೆಲಸಗಳಲ್ಲಿ ದುಬಾರಿಯಾದುದು. ಕನ್ನಡದಂಥ ಸಂಕೀರ್ಣ ಲಿಪಿಗಳಲ್ಲಿ ಯುನಿಕೋಡ್ ಸಂಕೇತಗಳ ಸಂಖ್ಯೆಗೂ ಪರದೆಯಲ್ಲಿ ಕಾಣುವ ಅಕ್ಷರಗಳ ಸಂಖ್ಯೆಗೂ ವ್ಯತ್ಯಾಸವಿದೆ. "ಬಸವಕಲ್ಯಾಣ" ಎಂಬ ಪದದಲ್ಲಿ ಕಾಣುವುದು ಆರು ಅಕ್ಷರಗಳು, ಆದರೆ ಅದರ ಹಿಂದೆ ಒಂಬತ್ತು ಯುನಿಕೋಡ್ ಸಂಕೇತಗಳಿವೆ. "ಲ್ಯಾ" ಎಂಬ ಒಂದೇ ಅಕ್ಷರಕ್ಕೆ ಲ, ವಿರಾಮ ಚಿಹ್ನೆ, ಯ ಮತ್ತು ದೀರ್ಘ ಸ್ವರಚಿಹ್ನೆ ಎಂಬ ನಾಲ್ಕು ಸಂಕೇತಗಳು ಬೇಕು. ಒತ್ತಕ್ಷರ ಎಲ್ಲಿ ಕೂರಬೇಕು, ಸ್ವರಚಿಹ್ನೆ ಯಾವ ರೂಪ ತಾಳಬೇಕು ಎಂಬುದನ್ನು ಫಾಂಟ್‌ನ ನಿಯಮಗಳಂತೆ ಲೆಕ್ಕ ಹಾಕಲಾಗುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ ಈ ಕೆಲಸವನ್ನು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಒಮ್ಮೆ ಲೆಕ್ಕ ಹಾಕಿದ ಪದಗಳನ್ನು ವ್ಯವಸ್ಥೆ ನೆನಪಿನಲ್ಲಿರಿಸಿಕೊಳ್ಳುತ್ತದೆಯಾದರೂ, ಉದ್ದನೆಯ ಹೊಸ ಪಠ್ಯ ಮೊದಲ ಬಾರಿ ಬಂದಾಗ ಪೂರ್ತಿ ವೆಚ್ಚ ತಗಲುತ್ತದೆ.

ಸುದ್ದಿ, ವಚನ ಅಥವಾ ಪಾಠಗಳನ್ನು ಉದ್ದನೆಯ ಪಟ್ಟಿಯಾಗಿ ತೋರಿಸುವ ಆ್ಯಪ್‌ಗಳಲ್ಲಿ ಈ ವೆಚ್ಚವು ಸರಿಸುವಾಗ ಎದ್ದು ಕಾಣುತ್ತದೆ. 2018ರ ಆ್ಯಂಡ್ರಾಯ್ಡ್ 9ರಲ್ಲಿ ಪರಿಚಯವಾದ ಪ್ರೀಕಂಪ್ಯೂಟೆಡ್ ಟೆಕ್ಸ್ಟ್ ಸೌಲಭ್ಯದಿಂದ ಪಠ್ಯದ ಅಳತೆಯನ್ನು ಹಿನ್ನೆಲೆ ಥ್ರೆಡ್‌ನಲ್ಲಿ ಮೊದಲೇ ಮುಗಿಸಿ, ಸಿದ್ಧ ಫಲಿತಾಂಶವನ್ನು ಮುಖ್ಯ ಥ್ರೆಡ್‌ಗೆ ಕೊಡಬಹುದು. ಇಂಗ್ಲಿಷ್ ಪಠ್ಯದೊಂದಿಗೆ ಮಾತ್ರ ಪರೀಕ್ಷಿಸಿದ ಆ್ಯಪ್‌ನಲ್ಲಿ ಈ ಬಗೆಯ ತಡೆಗಳು ಪತ್ತೆಯಾಗದೆ ಉಳಿಯಬಹುದು.

ಸಾಮಾನ್ಯ ದೋಷಗಳು

• ಸಣ್ಣ ಕಡತವೆಂದು ಭಾವಿಸಿ ಮುಖ್ಯ ಥ್ರೆಡ್‌ನಲ್ಲಿ ಓದುವುದು ಅಥವಾ ಬರೆಯುವುದು. ಫೋನಿನ ಸಂಗ್ರಹ ತುಂಬಿದಾಗ ಇದೇ ಕೆಲಸ ಅನೇಕ ಪಟ್ಟು ನಿಧಾನವಾಗಬಹುದು.
• ಹಿನ್ನೆಲೆ ಥ್ರೆಡ್ ಹಿಡಿದಿರುವ ಬೀಗಕ್ಕಾಗಿ ಮುಖ್ಯ ಥ್ರೆಡ್ ಕಾಯುವುದು. ಇಲ್ಲಿ ಕೆಲಸ ಬೇರೆಡೆ ನಡೆದರೂ ತಡೆ ಮುಖ್ಯ ಥ್ರೆಡ್‌ಗೇ ತಗಲುತ್ತದೆ.
• ಹಿನ್ನೆಲೆ ಥ್ರೆಡ್‌ನಿಂದ ನೇರವಾಗಿ ಪರದೆಯನ್ನು ಬದಲಾಯಿಸುವುದು. ಆ್ಯಂಡ್ರಾಯ್ಡ್‌ನಲ್ಲಿ ಇದು ಬಹುಮಟ್ಟಿಗೆ ಆ್ಯಪ್ ಕುಸಿಯುವುದರಲ್ಲಿ ಕೊನೆಗೊಳ್ಳುತ್ತದೆ.
• ಪ್ರತಿ ಸಣ್ಣ ಪ್ರಗತಿಯನ್ನೂ ಮುಖ್ಯ ಥ್ರೆಡ್‌ಗೆ ತಿಳಿಸುವುದು. ಒಂದು ಕಡತ ಕಳುಹಿಸುವಾಗ ಸಾವಿರಾರು ಸಂದೇಶಗಳು ಸೇರಿದರೆ ಸರತಿಯೇ ತುಂಬಿಹೋಗುತ್ತದೆ. ಒಂದು ಫ್ರೇಮ್‌ಗೆ ಒಂದಕ್ಕಿಂತ ಹೆಚ್ಚು ಬಾರಿ ತಿಳಿಸುವುದರಿಂದ ಪ್ರಯೋಜನವಿಲ್ಲ.
• ತನ್ನ ಕೆಲಸವನ್ನು ಸದಾ ಸರತಿಯ ಮುಂಭಾಗಕ್ಕೆ ಸೇರಿಸುವುದು. ಇದರಿಂದ ಉಳಿದ ಕೆಲಸಗಳು ಸರದಿ ಸಿಗದೆ ಉಳಿಯುತ್ತವೆ.
• ಕೆಲಸ ಮುಗಿಯುವ ಮೊದಲೇ ಮುಚ್ಚಿದ ಪರದೆಗೆ ಫಲಿತಾಂಶವನ್ನು ಕಳುಹಿಸುವುದು.

ಮುಖ್ಯ ಥ್ರೆಡ್‌ನಲ್ಲಿಯೇ ಮಾಡಬೇಕಾದ ದೊಡ್ಡ ಕೆಲಸವಿದ್ದಲ್ಲಿ ಅದನ್ನು ತುಂಡುಗಳಾಗಿ ವಿಭಜಿಸಬಹುದು. ಒಂದು ತುಂಡು ಮುಗಿದ ಮೇಲೆ ಮುಂದಿನದನ್ನು ಸರತಿಯ ಕೊನೆಗೆ ಸೇರಿಸಿದರೆ ನಡುವೆ ಬಂದ ಸ್ಪರ್ಶಗಳಿಗೂ ಚಿತ್ರಣಕ್ಕೂ ಅವಕಾಶ ದೊರೆಯುತ್ತದೆ. ಒಟ್ಟು ಸಮಯ ಸ್ವಲ್ಪ ಹೆಚ್ಚಾದರೂ ಆ್ಯಪ್ ಜೀವಂತವಾಗಿರುತ್ತದೆ. ತುರ್ತಿಲ್ಲದ ಕೆಲಸಗಳನ್ನು ಸರತಿ ಖಾಲಿಯಾದಾಗ ಮಾತ್ರ ನಡೆಸಲು ಆ್ಯಂಡ್ರಾಯ್ಡ್‌ನಲ್ಲಿ ಐಡಲ್ ಹ್ಯಾಂಡ್ಲರ್ ಇದೆ.

ದೋಷ ಪತ್ತೆ ಮತ್ತು ಪರೀಕ್ಷೆ

ಆ್ಯಂಡ್ರಾಯ್ಡ್‌ನಲ್ಲಿ ಪರ್ಫೆಟ್ಟೊ ಎಂಬ ಸಾಧನವು ಪ್ರತಿ ಥ್ರೆಡ್ ಯಾವ ಕ್ಷಣದಲ್ಲಿ ಏನು ಮಾಡುತ್ತಿತ್ತು ಎಂಬುದನ್ನು ಕಾಲರೇಖೆಯ ಮೇಲೆ ತೋರಿಸುತ್ತದೆ. ಎಎನ್ಆರ್ ಉಂಟಾದಾಗ ವ್ಯವಸ್ಥೆಯು ಎಲ್ಲ ಥ್ರೆಡ್‌ಗಳ ಸ್ಥಿತಿಯನ್ನು ದಾಖಲಿಸುತ್ತದೆ. ಆ ದಾಖಲೆಯಲ್ಲಿ ಮುಖ್ಯ ಥ್ರೆಡ್ ನಡೆಯುತ್ತಿತ್ತೇ, ಬೀಗಕ್ಕಾಗಿ ಕಾಯುತ್ತಿತ್ತೇ ಅಥವಾ ನಿದ್ರಿಸುತ್ತಿತ್ತೇ ಎಂಬುದನ್ನು ಮೊದಲು ನೋಡಬೇಕು. ಆ ಕ್ಷಣದಲ್ಲಿ ಕಂಡ ಕಾರ್ಯವೇ ತಪ್ಪಿತಸ್ಥ ಎಂದು ಹೇಳಲಾಗದು. ಅದಕ್ಕೂ ಹಿಂದೆ ನಡೆದ ಕೆಲಸವೊಂದು ಹೆಚ್ಚಿನ ಸಮಯವನ್ನು ತಿಂದಿರಬಹುದು. ಐಓಎಸ್‌ನಲ್ಲಿ 2017ರ ಎಕ್ಸ್‌ಕೋಡ್ 9ರೊಂದಿಗೆ ಬಂದ ಮೇನ್ ಥ್ರೆಡ್ ಚೆಕರ್, ಹಿನ್ನೆಲೆ ಥ್ರೆಡ್‌ನಿಂದ ಪರದೆಯನ್ನು ಮುಟ್ಟುವ ಸಂಕೇತವನ್ನು ಗುರುತಿಸುತ್ತದೆ. ಇನ್‌ಸ್ಟ್ರುಮೆಂಟ್ಸ್ ಎಂಬ ಸಾಧನವು ಸ್ತಬ್ಧತೆಯ ಕಾರಣಗಳನ್ನು ವಿಶ್ಲೇಷಿಸಲು ನೆರವಾಗುತ್ತದೆ.

ಪರೀಕ್ಷೆಯನ್ನು ಬಳಕೆದಾರರಲ್ಲಿ ಸಾಮಾನ್ಯವಾಗಿರುವ ಅಗ್ಗದ ಫೋನಿನಲ್ಲಿ, ಸಂಗ್ರಹ ಬಹುತೇಕ ತುಂಬಿರುವಾಗ, ಜಾಲಸಂಪರ್ಕವನ್ನು ನಿಧಾನಗೊಳಿಸಿ ಹಾಗೂ ಪೂರ್ಣವಾಗಿ ಕಡಿತಗೊಳಿಸಿ, ಕನ್ನಡ ಪಠ್ಯದೊಂದಿಗೆ ನಡೆಸುವುದು ಸೂಕ್ತ. ಒಂದೇ ಗುಂಡಿಯನ್ನು ಬೇಗ ಬೇಗ ಹಲವು ಬಾರಿ ಒತ್ತುವುದು ಮತ್ತು ಕೆಲಸದ ನಡುವೆ ಫೋನನ್ನು ತಿರುಗಿಸುವುದು ಅಥವಾ ಆ್ಯಪ್ ಮುಚ್ಚುವುದು ಪರೀಕ್ಷೆಯ ಭಾಗವಾಗಿರಬೇಕು.

ಇದನ್ನೂ ನೋಡಿ

• ಆ್ಯಂಡ್ರಾಯ್ಡ್
• ಐಓಎಸ್
• ಕಾರ್ಯಾಚರಣಾ ವ್ಯವಸ್ಥೆ
• ಕೋಟ್ಲಿನ್
• ಯುನಿಕೋಡ್